ಒಣಗಿದ್ದು ಕೆಳಗಿನ ಕೆರೆ, ಕಟ್ಟಿಕೊಂಡಿದ್ದು ಮೇಲಿನ ಕಾಲುವೆ: ಉಬುಂಟು ಅಪ್‌ಗ್ರೇಡ್ ನಿಂತಾಗ ಎಲ್ಲಿ ಹುಡುಕಬೇಕು

ಕೋಲಾರದ ಹಳೆ ಬಸ್ ನಿಲ್ದಾಣದ ಹತ್ತಿರ ನನ್ನ ಗೆಳೆಯನ ತಮ್ಮನದೊಂದು ಡಿಟಿಪಿ ಅಂಗಡಿ ಇದೆ. ಜೆರಾಕ್ಸು, ಪಹಣಿ ಪ್ರಿಂಟು, ಅರ್ಜಿ ತುಂಬಿಕೊಡುವುದು, ಸೀಸನ್ ಬಂದರೆ ಲಗ್ನಪತ್ರಿಕೆ. ಅರ್ಧ ಕನ್ನಡ, ಅರ್ಧ ತೆಲುಗಿನ ಲಗ್ನಪತ್ರಿಕೆ ನಮ್ಮ ಕಡೆ ಹೊಸದೇನಲ್ಲ. ಅಂಗಡಿಯ ಮುಖ್ಯ ಕಂಪ್ಯೂಟರ್ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ 20.04 ಆವೃತ್ತಿಯಲ್ಲಿ ಓಡುತ್ತಿತ್ತು. 2025ರ ಮೇ ತಿಂಗಳಿಗೆ ಆ ಆವೃತ್ತಿಯ ಐದು ವರ್ಷಗಳ ಸಾಮಾನ್ಯ ಬೆಂಬಲ ಮುಗಿಯಿತು. ಆಷಾಢ ಬರಲಿ, ಮದುವೆಗಳಿಲ್ಲದ ತಿಂಗಳಲ್ಲಿ ಅಪ್‌ಗ್ರೇಡ್ ಮಾಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಒಂದು ಸಂಜೆ ಅವನೇ ಶುರು ಮಾಡಿಬಿಟ್ಟ. ಅರ್ಧ ಗಂಟೆಗೆ ಫೋನ್ ಬಂತು.

"ಅಣ್ಣಾ, ಅಪ್‌ಗ್ರೇಡ್ ಲೆಕ್ಕ ಹಾಕಕ್ಕೆ ಆಗಲ್ಲ ಅಂತ ಬರ್ತೈತೆ. ಲಾಗ್‌ನಲ್ಲಿ ಪೈಥಾನ್ ಹೆಸರೇ ಕಾಣ್ತೈತೆ. ಪೈಥಾನ್ ತೆಗೆದು ಮತ್ತೆ ಹಾಕ್ಲಾ?"

"ಏನೂ ಮುಟ್ಟಬೇಡ. ಬರ್ತೀನಿ ಇರು."

ಅವನು ಅವತ್ತು ಪೈಥಾನ್ ತೆಗೆದಿದ್ದರೆ ಅದರ ಜೊತೆಗೆ ಡೆಸ್ಕ್‌ಟಾಪೇ ಹೋಗುತ್ತಿತ್ತು. ಉಬುಂಟುವಿನ ಎಷ್ಟೋ ಸಲಕರಣೆಗಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಿಂತಿವೆ, ಅಪ್‌ಗ್ರೇಡ್ ಮಾಡುವ ಪ್ರೋಗ್ರಾಂ ಕೂಡ. ತಪ್ಪು ಸಂದೇಶದಲ್ಲಿ ಯಾವ ಪ್ಯಾಕೇಜಿನ (ಒಂದು ಪ್ರೋಗ್ರಾಂ ಅಥವಾ ಅದರ ಭಾಗವನ್ನು ಕಟ್ಟಿಟ್ಟ ಪೊಟ್ಟಣದ) ಹೆಸರು ಬರುತ್ತದೋ ಅದೇ ಕೆಟ್ಟಿದೆ ಎಂದುಕೊಂಡು ಕಿತ್ತುಹಾಕುವವರನ್ನು ನಾನು ತುಂಬ ನೋಡಿದ್ದೇನೆ. ಬಹಳ ಸಲ ಆ ಹೆಸರು ತೊಂದರೆ ಅನುಭವಿಸುತ್ತಿರುವವನದು, ತೊಂದರೆ ಕೊಟ್ಟವನದಲ್ಲ.

ಇದನ್ನು ಕೋಲಾರದವರಿಗೆ ಹೇಳುವುದು ಸುಲಭ. ವರ್ಷವಿಡೀ ಹರಿಯುವ ನದಿ ನಮಗಿಲ್ಲ, ಇರುವುದು ಕೆರೆಗಳ ಸಾಲು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಒಂದರ ಹಿಂದೆ ಒಂದು ಕೆರೆ ತುಂಬುತ್ತಾ ಹೋದದ್ದನ್ನು ಕಣ್ಣಾರೆ ಕಂಡಿದ್ದೇವೆ. ನಮ್ಮೂರ ಕೆರೆ ಬರಿದಾಗಿದೆ ಎಂದರೆ ಯಾರೂ ನಮ್ಮ ಕೆರೆಯ ಏರಿ ಅಗೆಯುವುದಿಲ್ಲ. ಕಾಲುವೆ ಹಿಡಿದು ಮೇಲಕ್ಕೆ ನಡೆದು, ಎಲ್ಲಿ ಮಣ್ಣು ಬಿದ್ದಿದೆ, ಯಾರು ಒತ್ತುವರಿ ಮಾಡಿದ್ದಾರೆ ಎಂದು ನೋಡುತ್ತಾರೆ. ಪ್ಯಾಕೇಜುಗಳ ವಿಷಯದಲ್ಲೂ ಮಾಡಬೇಕಾದ್ದು ಆ ನಡಿಗೆಯನ್ನೇ.

ಪ್ಯಾಕೇಜುಗಳ ನಂಟು

ಲಿನಕ್ಸಿನಲ್ಲಿ ಒಂದು ಪ್ರೋಗ್ರಾಂ ತನಗೆ ಬೇಕಾದ್ದೆಲ್ಲವನ್ನೂ ಹೊತ್ತುಕೊಂಡು ಬರುವುದಿಲ್ಲ. ಯುನಿಕೋಡ್ ಪಠ್ಯವನ್ನು ವಿಂಗಡಿಸಲು, ಪದ ಎಲ್ಲಿ ತುಂಡಾಗಬೇಕೆಂದು ತಿಳಿಯಲು ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ ಐಸಿಯು ಎಂಬ ಲೈಬ್ರರಿಯನ್ನು, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡಿನ ಕಟ್ಟನ್ನು, ಬಳಸುತ್ತದೆ. ಸುರಕ್ಷಿತ ಸಂಪರ್ಕ ಬೇಕಾದ ಪ್ರೋಗ್ರಾಂಗಳಲ್ಲಿ ಬಹಳಷ್ಟು ಓಪನ್‌ಎಸ್‌ಎಸ್‌ಎಲ್ ಕಡೆ ಕೈಚಾಚುತ್ತವೆ. ಹೀಗೆ ಹಂಚಿಕೊಂಡು ಬದುಕುವುದರಿಂದ ಡಿಸ್ಕಿನಲ್ಲಿ ಜಾಗ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ಓಪನ್‌ಎಸ್‌ಎಸ್‌ಎಲ್‌ನಲ್ಲೊಂದು ಭದ್ರತಾ ದೋಷ ಸಿಕ್ಕಿದಾಗ ಒಂದೇ ಪ್ಯಾಕೇಜ್ ಸರಿಪಡಿಸಿದರೆ ಅದನ್ನು ನೆಚ್ಚಿಕೊಂಡ ಎಲ್ಲವೂ ಸರಿಹೋಗುತ್ತವೆ.

ಪ್ರತಿ ಪ್ಯಾಕೇಜಿನ ಒಳಗೂ ಒಂದು ಚೀಟಿ ಇರುತ್ತದೆ. ನನಗೆ ಇಂಥದ್ದು ಬೇಕೇಬೇಕು ಎನ್ನುವುದು 'ಡಿಪೆಂಡ್ಸ್'. ಇದ್ದರೆ ಒಳ್ಳೆಯದು ಎನ್ನುವುದು 'ರೆಕಮೆಂಡ್ಸ್'. ಇಂಥದ್ದರ ಜೊತೆ ನಾನಿರಲಾರೆ ಎನ್ನುವುದು 'ಕಾನ್‌ಫ್ಲಿಕ್ಟ್ಸ್' ಮತ್ತು 'ಬ್ರೇಕ್ಸ್'. ಬೇಕೇಬೇಕು ಎನ್ನುವಾಗ ಬರೀ ಹೆಸರಲ್ಲ, ಆವೃತ್ತಿಯ ಮಿತಿಯೂ ಬರೆದಿರುತ್ತದೆ: ಇಷ್ಟಕ್ಕಿಂತ ಹೊಸದಿರಬೇಕು, ಇಷ್ಟಕ್ಕಿಂತ ಹಳೆಯದಿರಬೇಕು ಎಂದು. ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಈ ಮಿತಿಯಲ್ಲೇ.

ಚೀಟಿ ಓದುವವರು ಇಬ್ಬರು. ಡಿಪಿಕೆಜಿ ಎಂಬುದು ಕೆಳಗಿನ ಹಂತದ ಕೆಲಸಗಾರ. ಕೈಗೆ ಕೊಟ್ಟ ಪ್ಯಾಕೇಜನ್ನು ಬಿಚ್ಚಿ ಜೋಡಿಸುತ್ತದೆ, ಬೇಕಾದ್ದು ಇಲ್ಲದಿದ್ದರೆ ದೂರು ಹೇಳಿ ನಿಲ್ಲುತ್ತದೆ. ಆಪ್ಟ್ ಅದರ ಮೇಲಿನದು. ಭಂಡಾರಗಳಲ್ಲಿ (ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಆನ್‌ಲೈನ್ ಸಂಗ್ರಹಗಳಲ್ಲಿ) ಏನೇನಿದೆ ಎಂದು ನೋಡಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಲೆಕ್ಕ ಹಾಕಿ ಡಿಪಿಕೆಜಿಗೆ ಒಪ್ಪಿಸುತ್ತದೆ. ಉಬುಂಟುವಿಗೆ ಮೂಲವಾದ ಡೆಬಿಯನ್, ಉಬುಂಟು ಎರಡರಲ್ಲೂ ವ್ಯವಸ್ಥೆ ಇದೇ. ದಿನನಿತ್ಯದ ಅಪ್‌ಡೇಟ್‌ನಲ್ಲಿ ನಾಲ್ಕಾರು ಪ್ಯಾಕೇಜ್ ಬದಲಾದರೆ ಲೆಕ್ಕ ಸಲೀಸು. ಆವೃತ್ತಿಯೇ ಬದಲಾಗುವಾಗ ಸಾವಿರಾರು ಪ್ಯಾಕೇಜುಗಳು ಒಟ್ಟಿಗೆ ಕದಲುತ್ತವೆ, ಪ್ರತಿಯೊಂದರ ಚೀಟಿಯೂ ಒಪ್ಪುವ ಒಂದು ಜೋಡಣೆ ಸಿಗಬೇಕು. ಗಣಿತದ ದೃಷ್ಟಿಯಿಂದ ಇದು ಬಹಳ ಕಠಿಣವೆಂದು ಪರಿಗಣಿಸಲಾದ ಸಮಸ್ಯೆಗಳ ಗುಂಪಿಗೆ ಸೇರಿದ್ದು. ಅಧಿಕೃತ ಭಂಡಾರದ ಪ್ಯಾಕೇಜುಗಳು ಒಂದಕ್ಕೊಂದು ಹೊಂದುವಂತೆ ಮೊದಲೇ ಪರೀಕ್ಷೆಯಾಗಿರುವುದರಿಂದ ಸಾಮಾನ್ಯವಾಗಿ ಉತ್ತರ ಸಿಕ್ಕೇ ಸಿಗುತ್ತದೆ. ಹೊರಗಿನಿಂದ ತಂದು ಸೇರಿಸಿದ್ದನ್ನು ಮಾತ್ರ ಹಾಗೆ ಯಾರೂ ಪರೀಕ್ಷಿಸಿರುವುದಿಲ್ಲ.

ಅವತ್ತು ಸಿಕ್ಕಿದ್ದು

ಅಂಗಡಿಗೆ ಹೋಗಿ ಮೊದಲು ತೆರೆದದ್ದು /ವರ್/ಲಾಗ್/ಡಿಸ್ಟ್-ಅಪ್‌ಗ್ರೇಡ್ ಫೋಲ್ಡರಿನ ಆಪ್ಟ್ ಲಾಗ್. (ಆಜ್ಞೆಗಳನ್ನೂ ಫೋಲ್ಡರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಪರದೆಯ ಮೇಲೆ ಬರುವ ಸಂದೇಶ ನಾಲ್ಕು ಸಾಲು. ನಿಜವಾದ ಕತೆ ಈ ಲಾಗ್‌ನಲ್ಲಿರುತ್ತದೆ. 'ಬ್ರೋಕನ್' ಎಂದು ಶುರುವಾಗುವ ಸಾಲುಗಳನ್ನಷ್ಟೇ ಹುಡುಕಿದರೆ ಸಾಕು. ಅಲ್ಲೊಂದು ಸಾಲು ಹೀಗಿತ್ತು: 'ಪೈಥಾನ್3-ಯುನೊ' ಎಂಬ ಪ್ಯಾಕೇಜಿಗೆ 3.9ಕ್ಕಿಂತ ಹಳೆಯ ಪೈಥಾನ್ ಬೇಕು, ಬರಲಿರುವುದು 3.10.

ಪೈಥಾನ್3-ಯುನೊ ಲಿಬ್ರೆಆಫೀಸಿಗೂ ಪೈಥಾನಿಗೂ ನಡುವಿನ ಸೇತುವೆ. ಉಬುಂಟು 20.04ರಲ್ಲಿರುವ ಪೈಥಾನ್ 3.8, 22.04ರಲ್ಲಿ 3.10. ಇಂಥ ಸೇತುವೆ ಪ್ಯಾಕೇಜನ್ನು ಒಂದು ಪೈಥಾನ್ ಆವೃತ್ತಿಗೆಂದೇ ಕಟ್ಟಿರುತ್ತಾರೆ, ಮುಂದಿನದಕ್ಕೆ ಅದು ಆಗಿಬರುವುದಿಲ್ಲ. ಮಾಮೂಲಿಯಾಗಿ ಪೈಥಾನ್ ಬದಲಾಗುವಾಗ ಯುನೊ ಕೂಡ 22.04ರದ್ದಕ್ಕೆ ಬದಲಾಗಬೇಕು. ಇಲ್ಲಿ ಯಾಕೆ ಆಗಲಿಲ್ಲ?

'ಆಪ್ಟ್-ಕ್ಯಾಷ್ ಪಾಲಿಸಿ ಪೈಥಾನ್3-ಯುನೊ' ಎಂದು ಕೇಳಿದೆ. ಪ್ಯಾಕೇಜುಗಳ ಜಗಳ ಬಿಡಿಸಲು ಒಂದೇ ಒಂದು ಆಜ್ಞೆ ಕಲಿಯುತ್ತೇನೆ ಎನ್ನುವವರಿಗೆ ನಾನು ಇದನ್ನೇ ಹೇಳಿಕೊಡುತ್ತೇನೆ. ಈಗ ಯಾವ ಆವೃತ್ತಿ ಇದೆ, ಆಪ್ಟ್ ಯಾವುದನ್ನು ಹಾಕಲು ಬಯಸುತ್ತದೆ, ಪ್ರತಿ ಆವೃತ್ತಿ ಯಾವ ಭಂಡಾರದಿಂದ ಬಂದದ್ದು ಎಂದು ಮೂರನ್ನೂ ತೋರಿಸುತ್ತದೆ. ಉತ್ತರ ಅಲ್ಲೇ ಇತ್ತು. ಯಂತ್ರದಲ್ಲಿದ್ದದ್ದು 7.4. ಅದು ಬಂದದ್ದು ಉಬುಂಟುವಿನ ಅಧಿಕೃತ ಭಂಡಾರದಿಂದಲ್ಲ, ಒಂದು ಪಿಪಿಎಯಿಂದ, ಅಂದರೆ ಹೊರಗಿನಿಂದ ಸೇರಿಸಿಕೊಂಡ ಭಂಡಾರದಿಂದ. ಎರಡು ವರ್ಷದ ಹಿಂದೆ ಗಿರಾಕಿಯೊಬ್ಬರ ಕಡತ ಸರಿಯಾಗಿ ತೆರೆಯಲಿಲ್ಲವೆಂದು ಹೊಸ ಲಿಬ್ರೆಆಫೀಸ್ ಹಾಕಿಕೊಂಡಿದ್ದನಂತೆ. ಅವನಿಗದು ಮರೆತೇ ಹೋಗಿತ್ತು.

22.04ರ ಜೊತೆ ಬರುವ ಲಿಬ್ರೆಆಫೀಸ್ 7.3. ಆಪ್ಟ್ ಕಣ್ಣಿಗೆ 7.4 ಎಂಬುದು 7.3ಕ್ಕಿಂತ ಹೊಸದು. ಅದು ಯಾವ ಉಬುಂಟುವಿಗೆಂದು ಕಟ್ಟಿದ್ದು ಎಂಬುದನ್ನು ಆಪ್ಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸಂಖ್ಯೆಯನ್ನಷ್ಟೇ ನೋಡುತ್ತದೆ. ಅಪ್‌ಗ್ರೇಡ್ ಮಾಡುವ ಪ್ರೋಗ್ರಾಂ ಹೊರಗಿನ ಭಂಡಾರಗಳನ್ನು ತಾನೇ ಮುಚ್ಚಿಬಿಡುತ್ತದೆ, ಆದರೆ ಅವುಗಳಿಂದ ಈಗಾಗಲೇ ಒಳಗೆ ಬಂದಿರುವ ಪ್ಯಾಕೇಜುಗಳು ಹಾಗೇ ಕೂತಿರುತ್ತವೆ. ಇರುವುದಕ್ಕಿಂತ ಹಳೆಯ ಸಂಖ್ಯೆಗೆ ಇಳಿಯಲು ಆಪ್ಟ್ ತಾನಾಗಿ ಒಪ್ಪುವುದಿಲ್ಲ. ಆ ಪ್ಯಾಕೇಜಿಗೆ 1000 ಅಥವಾ ಮೇಲಿನ ಆದ್ಯತೆ ಕೊಟ್ಟರೆ ಮಾತ್ರ ಇಳಿಯುತ್ತದೆ. ಭಂಡಾರದ ಪ್ಯಾಕೇಜುಗಳಿಗೆ ಮಾಮೂಲಿ ಆದ್ಯತೆ 500. ಹಾಗಾಗಿ 7.4ರ ಯುನೊ ಕದಲಲಿಲ್ಲ, ಅದು ಕದಲದೆ ಪೈಥಾನ್ ಮೇಲೇರಲಿಲ್ಲ, ಪೈಥಾನ್ ಏರದೆ ಅದನ್ನು ನಂಬಿದ ನೂರಾರು ಪ್ಯಾಕೇಜುಗಳು ಅಲ್ಲೇ ನಿಂತವು. ಕಾಲುವೆಯಲ್ಲಿ ಮಣ್ಣು ಬಿದ್ದದ್ದು ಆ ಮರೆತುಹೋದ ಪಿಪಿಎಯಲ್ಲಿ.

ಸಂಖ್ಯೆಗಳ ಬಗ್ಗೆ ಇಲ್ಲೇ ಒಂದು ಮಾತು. ಆವೃತ್ತಿ ಸಂಖ್ಯೆ ದಶಮಾಂಶವಲ್ಲ. 1.10 ಎಂಬುದು 1.9ಕ್ಕಿಂತ ಹೊಸದು. ಮುಂದೆ '1:' ಅಥವಾ '2:' ಎಂದಿದ್ದರೆ ಮೊದಲು ಹೋಲಿಕೆಯಾಗುವುದು ಅದೇ, ಉಳಿದ ಅಂಕಿಗಳು ಆಮೇಲೆ. ನಡುವೆ ಅಲೆಯಂಥ ಗೆರೆ (~) ಇದ್ದರೆ ಅದು ಇಲ್ಲದ ಆವೃತ್ತಿಗಿಂತ ಹಳೆಯದೆಂದು ಅರ್ಥ. ಅದಕ್ಕೇ 3.9~ ಎಂಬುದು 3.9ಕ್ಕಿಂತ ಕೆಳಗೆ ನಿಲ್ಲುತ್ತದೆ.

ಪರಿಹಾರ ಸರಳ. 'ಪಿಪಿಎ-ಪರ್ಜ್' ಎಂಬ ಸಣ್ಣ ಸಲಕರಣೆ ಇದೆ. ಹೊರಗಿನ ಭಂಡಾರವನ್ನು ಮುಚ್ಚಿ, ಅದರಿಂದ ಬಂದ ಪ್ಯಾಕೇಜುಗಳನ್ನೆಲ್ಲ ಅಧಿಕೃತ ಆವೃತ್ತಿಗೆ ಇಳಿಸಿಕೊಡುತ್ತದೆ. ಲಿಬ್ರೆಆಫೀಸ್ 20.04ರ ಸ್ವಂತದ 6.4ಕ್ಕೆ ಇಳಿಯಿತು. "ಅಯ್ಯೋ, ಹಿಂದಕ್ಕೆ ಹೋಯ್ತಲ್ಲಣ್ಣಾ" ಅಂದ. ಮುಂದಕ್ಕೆ ಹೋಗಬೇಕಾದರೆ ಒಂದು ಹೆಜ್ಜೆ ಹಿಂದಿಡಬೇಕಾದ ಜಾಗ ಅದು. ಮತ್ತೆ ಅಪ್‌ಗ್ರೇಡ್ ಶುರು ಮಾಡಿದೆವು, ಲೆಕ್ಕ ಒಂದೇ ಸಲಕ್ಕೆ ಮುಗಿಯಿತು.

ನಡುವೆ ಕರೆಂಟ್ ಹೋದರೆ

ಪ್ಯಾಕೇಜುಗಳೆಲ್ಲ ಡೌನ್‌ಲೋಡ್ ಆಗಿ, ಬಿಚ್ಚಿ ಜೋಡಿಸುವ ಕೆಲಸ ಮುಕ್ಕಾಲು ಆಗಿತ್ತು. ಕರೆಂಟ್ ಹೋಯಿತು. ಯುಪಿಎಸ್ ಹಳೆಯದು, ಐದು ನಿಮಿಷಕ್ಕೆ ಕೈಕೊಟ್ಟಿತು. ಅವನ ಮುಖ ಬಿಳಿಚಿಕೊಂಡಿತು.

ಇಲ್ಲಿ ಹೆದರಬೇಕಾದಷ್ಟಿಲ್ಲ, ಯಾಕೆಂದರೆ ಡಿಪಿಕೆಜಿ ತಾನು ಎಲ್ಲಿಗೆ ಬಂದಿದ್ದೇನೆಂದು ಬರೆದಿಟ್ಟುಕೊಂಡೇ ಕೆಲಸ ಮಾಡುತ್ತದೆ. ಪ್ರತಿ ಪ್ಯಾಕೇಜಿಗೂ ಎರಡು ಹಂತ: ಫೈಲುಗಳನ್ನು ಬಿಚ್ಚಿ ಜಾಗದಲ್ಲಿಡುವುದು, ಆಮೇಲೆ ಕೆಲಸಕ್ಕೆ ಅಣಿಗೊಳಿಸುವುದು. 'ಡಿಪಿಕೆಜಿ -ಎಲ್' ಪಟ್ಟಿಯಲ್ಲಿ ಸಾಲಿನ ಮೊದಲು 'ಐಐ' ಎಂದಿದ್ದರೆ ಎರಡೂ ಮುಗಿದಿದೆ. 'ಐಯು' ಎಂದಿದ್ದರೆ ಬಿಚ್ಚಿದೆ, ಅಣಿಯಾಗಿಲ್ಲ. 'ಐಎಫ್' ಎಂದಿದ್ದರೆ ಅಣಿಗೊಳಿಸುವಾಗ ಅರ್ಧಕ್ಕೆ ನಿಂತಿದೆ. ಕರೆಂಟ್ ಬಂದ ಮೇಲೆ ರಿಕವರಿ ಮೋಡಿನಲ್ಲಿ ಯಂತ್ರ ಎಬ್ಬಿಸಿ ಮೊದಲು ಓಡಿಸಿದ್ದು 'ಡಿಪಿಕೆಜಿ --ಕಾನ್ಫಿಗರ್ -ಎ'. ಅರ್ಧಕ್ಕೆ ನಿಂತವುಗಳನ್ನೆಲ್ಲ ಸರದಿಯಂತೆ ಮುಗಿಸುವ ಆಜ್ಞೆ ಇದು. ಅದು ಮುಗಿದ ಮೇಲೆ 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್', ಬಾಕಿ ಇರುವ ಅವಲಂಬನೆಗಳನ್ನು ತಂದು ತುಂಬಲು. ಕೊನೆಗೆ 'ಆಪ್ಟ್ ಫುಲ್-ಅಪ್‌ಗ್ರೇಡ್'. ಬರೀ 'ಅಪ್‌ಗ್ರೇಡ್' ಯಾವ ಪ್ಯಾಕೇಜನ್ನೂ ತೆಗೆಯುವುದಿಲ್ಲ; ಹಳೆಯದೊಂದನ್ನು ತೆಗೆದರೆ ಮಾತ್ರ ಹೊಸದು ಬರುವಂತಿದ್ದರೆ ಹಾಗೇ ಬಿಟ್ಟುಬಿಡುತ್ತದೆ. ಫುಲ್-ಅಪ್‌ಗ್ರೇಡ್ ತೆಗೆಯಲು ಹಿಂಜರಿಯುವುದಿಲ್ಲ.

ಅದಕ್ಕೇ 'ವೈ' ಒತ್ತುವ ಮೊದಲು ಒಂದು ಪಟ್ಟಿಯನ್ನು ಓದಲೇಬೇಕು: ತೆಗೆದುಹಾಕಲಾಗುವ ಪ್ಯಾಕೇಜುಗಳ ಪಟ್ಟಿ. ಬರುವವರ ಪಟ್ಟಿ ಎಷ್ಟುದ್ದವಿದ್ದರೂ ಚಿಂತೆಯಿಲ್ಲ. ಹೋಗುವವರಲ್ಲಿ ನಿಮ್ಮ ಡೆಸ್ಕ್‌ಟಾಪ್, ನೆಟ್‌ವರ್ಕ್ ಮ್ಯಾನೇಜರ್, ಪೈಥಾನ್3 ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಆಜ್ಞೆಯ ಜೊತೆ '-ಎಸ್' ಸೇರಿಸಿದರೆ ಆಪ್ಟ್ ಏನು ಮಾಡುತ್ತೇನೆಂದು ಹೇಳುತ್ತದೆಯೇ ಹೊರತು ಏನನ್ನೂ ಮಾಡುವುದಿಲ್ಲ. ನಾನು ಪ್ರತಿ ಸಲ ಹಾಗೇ ನೋಡಿ ಮುಂದುವರಿಯುತ್ತೇನೆ.

ಇದೇ ಹೊತ್ತಿನಲ್ಲಿ ಕೆಲವರಿಗೆ 'ಲಾಕ್ ಸಿಗಲಿಲ್ಲ' ಎಂಬ ಸಂದೇಶ ಬರುತ್ತದೆ. ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ಓಡುತ್ತಿದೆ ಎಂದಷ್ಟೇ ಅರ್ಥ. ಕಾಯಬೇಕು. ಲಾಕ್ ಫೈಲ್ ಅಳಿಸಿ ಇಬ್ಬರು ಒಟ್ಟಿಗೆ ಕೆಲಸಕ್ಕಿಳಿದರೆ ಡಿಪಿಕೆಜಿಯ ಲೆಕ್ಕದ ಪುಸ್ತಕವೇ ಕೆಡಬಹುದು.

ಮೂರು ವಾಕ್ಯ, ಮೂರು ಅರ್ಥ

22.04 ಎದ್ದು ನಿಂತಿತು. ಮರುದಿನ ಬೆಳಿಗ್ಗೆ ಪ್ರಿಂಟರ್ ಸಮಸ್ಯೆ. ಪ್ರಿಂಟರ್ ಕಂಪನಿಯ ತಾಣದಿಂದ ಹಿಂದೆ ಇಳಿಸಿಟ್ಟುಕೊಂಡಿದ್ದ ಸಾಫ್ಟ್‌ವೇರನ್ನು ಮತ್ತೆ ಹಾಕಲು ಹೋದರೆ 'ಅನ್‌ಮೆಟ್ ಡಿಪೆಂಡೆನ್ಸೀಸ್' ಎಂದಿತು, ಕೆಳಗೆ 'ಡಿಪೆಂಡ್ಸ್: ಲಿಬ್‌ಎಸ್‌ಎಸ್‌ಎಲ್1.1, ಬಟ್ ಇಟ್ ಈಸ್ ನಾಟ್ ಇನ್‌ಸ್ಟಾಲಬಲ್' ಎಂಬ ಸಾಲು.

ಈ 'ಬಟ್' ಆದಮೇಲೆ ಬರುವ ಪದಗಳನ್ನು ಜನ ಓದುವುದೇ ಇಲ್ಲ. ರೋಗ ಯಾವುದೆಂದು ಹೇಳುವುದು ಅವೇ.

'ನಾಟ್ ಇನ್‌ಸ್ಟಾಲಬಲ್' ಎಂದರೆ ಆ ಪ್ಯಾಕೇಜ್ ನಿಮ್ಮ ಯಾವ ಭಂಡಾರದಲ್ಲೂ ಇಲ್ಲ. ಒಂದೋ ಭಂಡಾರ ಮುಚ್ಚಿದೆ, ಇಲ್ಲವೇ ಆ ಪ್ಯಾಕೇಜಿನ ಕಾಲ ಮುಗಿದಿದೆ. 'ಬಟ್' ಆದಮೇಲೆ ಒಂದು ಆವೃತ್ತಿ ಸಂಖ್ಯೆ, ನಂತರ 'ಈಸ್ ಟು ಬಿ ಇನ್‌ಸ್ಟಾಲ್ಡ್' ಎಂದಿದ್ದರೆ ಪ್ಯಾಕೇಜ್ ಇದೆ, ಆವೃತ್ತಿ ಹೊಂದುತ್ತಿಲ್ಲ; ನಮ್ಮ ಪೈಥಾನ್ ಕತೆ ಇದೇ ಜಾತಿಯದು. ಮೂರನೆಯದು 'ನಾಟ್ ಗೋಯಿಂಗ್ ಟು ಬಿ ಇನ್‌ಸ್ಟಾಲ್ಡ್'. ಪ್ಯಾಕೇಜ್ ಭಂಡಾರದಲ್ಲಿದೆ, ಆದರೆ ಅದರ ಮೇಲಿನ ಇನ್ನೊಂದು ಅದನ್ನು ತಡೆಯುತ್ತಿದೆ, ಯಾವುದು ಎಂದು ಆಪ್ಟ್ ಬಾಯಿಬಿಡುತ್ತಿಲ್ಲ. ಆಗ ಮಾಡಬೇಕಾದ್ದು ಕಾಲುವೆಯ ನಡಿಗೆ. ಸಂದೇಶದಲ್ಲಿರುವ ಆ ಅವಲಂಬನೆಯನ್ನೇ ಹೆಸರಿಸಿ 'ಆಪ್ಟ್ ಇನ್‌ಸ್ಟಾಲ್ -ಎಸ್' ಎಂದು ಕೇಳಿ. ಅದು ಇನ್ನೊಂದರ ಹೆಸರು ಹೇಳುತ್ತದೆ. ಅದನ್ನು ಕೇಳಿ. ಎರಡು ಮೂರು ಹೆಜ್ಜೆಗೆ ಸಂದೇಶದ ಧಾಟಿ ಬದಲಾಗಿ ಮೊದಲ ಎರಡರಲ್ಲಿ ಒಂದಾಗುತ್ತದೆ. ಮಣ್ಣು ಬಿದ್ದಿರುವ ಜಾಗ ಅದೇ.

ಇದರ ಕೊನೆಯಲ್ಲಿ ಸಾಮಾನ್ಯವಾಗಿ 'ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್' ಎಂದೂ ಇರುತ್ತದೆ. ನೀವು ಯಾವುದನ್ನೂ ಹಿಡಿದಿಡದಿದ್ದರೂ ಬರುತ್ತದೆ. 'ಆಪ್ಟ್-ಮಾರ್ಕ್ ಶೋಹೋಲ್ಡ್' ಓಡಿಸಿ, ಪಟ್ಟಿ ಖಾಲಿ ಇದ್ದರೆ ಆ ಸಾಲನ್ನು ಮರೆತುಬಿಡಿ.

ಲಿಬ್‌ಎಸ್‌ಎಸ್‌ಎಲ್1.1 ಯಾಕೆ ಇಲ್ಲ? ಅದು ಓಪನ್‌ಎಸ್‌ಎಸ್‌ಎಲ್ 1.1.1ರ ಭಾಗ. 22.04ರಿಂದ ಉಬುಂಟು ಓಪನ್‌ಎಸ್‌ಎಸ್‌ಎಲ್ 3ಕ್ಕೆ ಬಂತು. ಹಳೆಯ 1.1.1ಕ್ಕೆ ಅದರ ತಯಾರಕರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿಯಿತು. ಹಳೆಯ ಭಂಡಾರದಿಂದ ಆ ಒಂದು ಫೈಲ್ ಇಳಿಸಿ ಡಿಪಿಕೆಜಿಯಿಂದ ಹಾಕಿದರೆ ಪ್ರಿಂಟರ್ ಓಡುತ್ತದೆ, ಸುಳ್ಳಲ್ಲ. ಹಾಗೆ ಮಾಡಿ ಎನ್ನುವವರು ಬಹಳ. ನಾನು ಬೇಡವೆಂದೆ. ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹಾದುಹೋಗುವ ಅಂಗಡಿ ಅದು. ಹೊಸ ದೋಷ ಸಿಕ್ಕರೆ ತೇಪೆ ಬಾರದ ಲೈಬ್ರರಿಯನ್ನು, ಅದೂ ಸುರಕ್ಷತೆಗೆಂದೇ ಇರುವ ಲೈಬ್ರರಿಯನ್ನು, ಅಲ್ಲಿಡುವುದು ಗಿರಾಕಿಗಳಿಗೆ ಮಾಡುವ ಅನ್ಯಾಯ. ಆ ಪ್ರಿಂಟರ್‌ಗೆ ಕಂಪನಿಯ ಸಾಫ್ಟ್‌ವೇರ್ ಬೇಕೇ ಇರಲಿಲ್ಲ. ಈಚಿನ ನೆಟ್‌ವರ್ಕ್ ಪ್ರಿಂಟರುಗಳಲ್ಲಿ ಬಹಳಷ್ಟನ್ನು ಕಪ್ಸ್ ಎಂಬ ಲಿನಕ್ಸಿನ ಮುದ್ರಣ ವ್ಯವಸ್ಥೆ ತಾನೇ ಗುರುತಿಸಿ ಡ್ರೈವರ್ ಇಲ್ಲದೆಯೇ ಮುದ್ರಿಸುತ್ತದೆ. ಸೆಟಿಂಗ್ಸ್‌ನಲ್ಲಿ ಪ್ರಿಂಟರ್ ಸೇರಿಸಿದೆವು, ಬಂತು.

ಎರಡನೆಯ ಜಿಗಿತ

20.04ರಿಂದ ನೇರ 24.04ಕ್ಕೆ ಹಾರುವಂತಿಲ್ಲ, ದೀರ್ಘಾವಧಿ ಆವೃತ್ತಿಗಳನ್ನು ಒಂದೊಂದಾಗಿಯೇ ಹತ್ತಬೇಕು. ವಾರದ ನಂತರ 24.04ಕ್ಕೆ ಹೋದೆವು. ಆಗ ಅವನು ಕೇಳಿದ್ದು: "ಅಣ್ಣಾ, ಎಲ್ಲದರ ಬಾಲಕ್ಕೂ 'ಟಿ64' ಅಂತ ಸೇರ್ಕೊಂಡೈತಲ್ಲ, ವೈರಸ್ಸಾ?"

ವೈರಸ್ ಅಲ್ಲ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸಿ ಸಮಯ ಇಟ್ಟುಕೊಳ್ಳುತ್ತವೆ. 32 ಬಿಟ್‌ಗಳಲ್ಲಿ ಎಣಿಸಿದರೆ 2038ರ ಜನವರಿ 19ಕ್ಕೆ ಅಂಕಿ ತುಂಬಿ ಉಕ್ಕುತ್ತದೆ. ಅದಕ್ಕಾಗಿ ಡೆಬಿಯನ್ ಮತ್ತು ಉಬುಂಟು 32 ಬಿಟ್ ಆರ್ಮ್ ಯಂತ್ರಗಳಲ್ಲಿ ಸಮಯವನ್ನು 64 ಬಿಟ್‌ಗೆ ಏರಿಸಿದವು. ಹಾಗೆ ಏರಿಸಿದರೆ ಹಳೆಯ ಪ್ರೋಗ್ರಾಂಗಳಿಗೂ ಹೊಸ ಲೈಬ್ರರಿಗಳಿಗೂ ಮಾತು ಹೊಂದುವುದಿಲ್ಲ, ಆದ್ದರಿಂದ ಲೈಬ್ರರಿ ಪ್ಯಾಕೇಜುಗಳ ಹೆಸರನ್ನೇ ಬದಲಿಸಿದರು: ಲಿಬ್‌ಎಸ್‌ಎಸ್‌ಎಲ್3 ಹೋಗಿ ಲಿಬ್‌ಎಸ್‌ಎಸ್‌ಎಲ್3ಟಿ64 ಆಯಿತು. ನಮ್ಮ ಸಾಮಾನ್ಯ 64 ಬಿಟ್ ಕಂಪ್ಯೂಟರುಗಳಲ್ಲಿ ಸಮಯ ಮೊದಲೇ 64 ಬಿಟ್ ಇತ್ತು, ಹೆಸರು ಮಾತ್ರ ಜೊತೆಗೆ ಬದಲಾಯಿತು. ಇಂಥ ಕಂಪ್ಯೂಟರುಗಳಲ್ಲಿ ಹೊಸ ಪ್ಯಾಕೇಜಿನ ಚೀಟಿಯಲ್ಲಿ 'ಪ್ರೊವೈಡ್ಸ್' ಎಂಬ ಸಾಲಿದ್ದು, ಹಳೆಯ ಹೆಸರಿಗೂ ನಾನೇ ಓಗೊಡುತ್ತೇನೆ ಎನ್ನುತ್ತದೆ. ಹಾಗಾಗಿ ಹಳೆಯ ಹೆಸರು ಹಿಡಿದು ಕೇಳುವ ಹೊರಗಿನ ಪ್ಯಾಕೇಜುಗಳೂ ಬಹುತೇಕ ನಡೆಯುತ್ತವೆ.

ಪೈಥಾನ್ ಬಗ್ಗೆ ಇನ್ನೊಂದು ಎಚ್ಚರ, ಇಂಜಿನಿಯರಿಂಗ್ ಓದುವ ಹುಡುಗರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಪಾಠಕ್ಕೆ ಹೊಸ ಪೈಥಾನ್ ಬೇಕೆಂದು ವ್ಯವಸ್ಥೆಯ 'ಪೈಥಾನ್3' ಎಂಬ ಹೆಸರನ್ನೇ ಅದರ ಕಡೆ ತಿರುಗಿಸಿಬಿಡುತ್ತಾರೆ. ಆ ಕ್ಷಣದಿಂದ 'ಆಪ್ಟ್_ಪಿಕೆಜಿ ಸಿಗಲಿಲ್ಲ' ಎಂಬ ದೂರು ಶುರು, ಅಪ್‌ಗ್ರೇಡ್ ಬಾಗಿಲಲ್ಲೇ ನಿಲ್ಲುತ್ತದೆ. ಹೆಸರನ್ನು ವ್ಯವಸ್ಥೆಯ ಸ್ವಂತ ಆವೃತ್ತಿಗೆ ಮರಳಿಸಿದರೆ ಸರಿಹೋಗುತ್ತದೆ. ಹೊಸ ಪೈಥಾನ್ ಬೇಕಿದ್ದವರು ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಲಿ.

ಕೊನೆಯ ಕೆಲಸ ಗುಡಿಸುವುದು, ಅಂದರೆ 'ಆಪ್ಟ್ ಆಟೋರಿಮೂವ್'. ಹಳೆಯ ಕರ್ನಲ್‌ಗಳಿಂದ ತುಂಬಿರುವ ಬೂಟ್ ವಿಭಾಗ ಖಾಲಿಯಾಗಲು ಇದು ಬೇಕು (ಕರ್ನಲ್ ಎಂದರೆ ವ್ಯವಸ್ಥೆಯ ತಿರುಳು). ಆದರೆ ಇಲ್ಲೂ ಪಟ್ಟಿ ಓದಿ. ನೀವು ಕೇಳಿ ಹಾಕಿಸಿಕೊಂಡದ್ದು ಯಾವುದು, ಇನ್ನೊಂದರ ಬಾಲ ಹಿಡಿದು ಬಂದದ್ದು ಯಾವುದು ಎಂದು ಆಪ್ಟ್ ಗುರುತಿಟ್ಟುಕೊಂಡಿರುತ್ತದೆ. ಕರೆತಂದವನು ಹೋದರೆ ಬಾಲ ಹಿಡಿದವರೂ ಹೋಗುತ್ತಾರೆ. 'ಫಾಂಟ್ಸ್-ಕೆಎನ್‌ಡಿಎ' ಎಂಬ ಪ್ಯಾಕೇಜಿನೊಳಗೆ ಫಾಂಟೇ ಇಲ್ಲ, ಕನ್ನಡ ಫಾಂಟುಗಳನ್ನು ಕರೆತರುವುದಷ್ಟೇ ಅದರ ಕೆಲಸ. ಖಾಲಿ ಪ್ಯಾಕೇಜ್ ಯಾಕೆಂದು ಅದನ್ನು ತೆಗೆದವರು ಆಮೇಲೆ ಗುಡಿಸುವಾಗ ಅಕ್ಷರಗಳನ್ನೂ ಗುಡಿಸಿಬಿಡಬಹುದು. ಅಂಗಡಿಯಲ್ಲಿ ಗುಬ್ಬಿ ಮತ್ತು ನವಿಲು ಫಾಂಟುಗಳನ್ನು 'ಆಪ್ಟ್-ಮಾರ್ಕ್ ಮ್ಯಾನ್ಯುಯಲ್' ಕೊಟ್ಟು ನಮ್ಮವು ಎಂದು ಗುರುತು ಹಾಕಿದೆವು, ಆಮೇಲೆ ಗುಡಿಸಿದೆವು.

ಈಗ ಆ ಕಂಪ್ಯೂಟರಿನ ಪಕ್ಕಕ್ಕೆ ಒಂದು ಹಾಳೆ ಅಂಟಿಸಿದ್ದಾನೆ. ಹೊರಗಿನಿಂದ ಏನನ್ನೇ ಹಾಕಿದರೂ ತಾರೀಕು, ಹೆಸರು, ಎಲ್ಲಿಂದ ತಂದದ್ದು, ಯಾವ ಗಿರಾಕಿಯ ಯಾವ ಕೆಲಸಕ್ಕೆ ಎಂದು ಪೆನ್ನಿನಲ್ಲಿ ಬರೆಯುತ್ತಾನೆ. ಶ್ರಾವಣಕ್ಕೆ ಲಗ್ನಪತ್ರಿಕೆಗಳು ಶುರುವಾದವು. ಹೋದ ವಾರ ನೋಡಿದಾಗ ಹಾಳೆಯಲ್ಲಿ ಎರಡು ಸಾಲಿತ್ತು.